ಆಚೆ ದಡದ ಗಂಜಿ

ಹೊಳೆಯ ಈಚೆ ದಡದಲ್ಲಿ ಅಡವಯ್ಯನೆಂಬ ಗುರುಗಳ ಆಶ್ರಮ. ಅಲ್ಲಿ ಜಪಕ್ಕಿಂತ ಮಗ್ಗದ ಸದ್ದೇ ಹೆಚ್ಚು. ನೇಯ್ದು ಉಣ್ಣಬೇಕು, ಇಲ್ಲವೇ ಉಪವಾಸ ಬೀಳಬೇಕು. ಅದೇ ಅಲ್ಲಿಯ ಕಟ್ಟಳೆ.

ಆಚೆ ದಡ ಬೇರೆ ದೊರೆಯದು. ಬೇರೆ ನುಡಿ, ಬೇರೆ ದೇವರು. ಒಮ್ಮೆ ಅಲ್ಲಿಯ ಸಾಹುಕಾರ ಕೂಲಿ ಇಳಿಸಿದ. ನೇಕಾರರು ಮಗ್ಗ ನಿಲ್ಲಿಸಿ ಕೂತರು.

ಸಾಹುಕಾರನೇನು ಕಡಿಮೆ ಆಸಾಮಿಯೇ? ನೂಲನ್ನು ದೋಣಿಗೇರಿಸಿ ಈಚೆ ಬಂದ. ಗುರುಗಳು ಊರಲ್ಲಿರಲಿಲ್ಲ. ತಾನಾಗಿ ಬಂದ ಲಕ್ಷ್ಮಿಯನ್ನು ಒದೆಯುವುದುಂಟೇ ಎಂದು ಶಿಷ್ಯ ಮೈಲಾರಿ ನೂಲು ಇಳಿಸಿಕೊಂಡು ನೇಯತೊಡಗಿದ.

ಗುರುಗಳು ಮರಳಿ ಬಂದು ಮಗ್ಗದ ಮುಂದೆ ನಿಂತರು.

"ಯಾರ ನೂಲಪ್ಪ ಇದು?"

"ಆಚೆ ದಡದ ಸಾಹುಕಾರಂದು."

"ಅಲ್ಲಿ ನೇಕಾರರಿಲ್ಲವೇನು?"

"ಇದ್ದಾರೆ ಗುರುಗಳೇ. ಜಗಳ ತೆಗೆದು ಕೈಕಟ್ಟಿ ಕೂತಿದ್ದಾರಂತೆ. ನಮ್ಮ ದೇಶದವರಲ್ಲ, ನಮ್ಮ ಜನ ಅಲ್ಲ. ಅವರ ಉಸಾಬರಿ ನಮಗ್ಯಾಕೆ?"

ಗುರುಗಳು ಬೈಯಲಿಲ್ಲ. ಬೈದಿದ್ದರೆ ಮೈಲಾರಿ ವಾದಕ್ಕಿಳಿಯುತ್ತಿದ್ದ. ಅವನ ನಾಲಿಗೆ ಮಗ್ಗದಲ್ಲಿ ಓಡುವ ಲಾಳಿಗಿಂತ ಚುರುಕು.

"ಏಳು, ದೋಣಿ ಹತ್ತು" ಅಂದರು, ಅಷ್ಟೇ.

ಮಗ್ಗ ಬಿಟ್ಟೇಳುವಾಗ ಲಾಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಮೈಲಾರಿಯ ರೂಢಿ. ಉಳಿದ ಶಿಷ್ಯರು ಎತ್ತಿಕೊಂಡು ಹೋದಾರೆಂಬ ಅನುಮಾನ ಅವನಿಗೆ. ಅಂದೂ ಹಾಗೆಯೇ ಎದ್ದು ಬಂದ.

ಆಚೆ ದಡದ ನೇಕಾರ ಕೇರಿಯಲ್ಲಿ ಉರಿಯುತ್ತಿದ್ದದ್ದು ಒಂದೇ ಒಲೆ. ಇಡೀ ಕೇರಿಗೆ ಒಂದೇ ಮಡಕೆ ಗಂಜಿ. ಸುತ್ತ ಕೂತವರೆಲ್ಲರ ಸೊಂಟದಲ್ಲೂ ಲಾಳಿ. ತಾವಿಲ್ಲದಾಗ ಬೇರೆ ಯಾರೂ ಮಗ್ಗ ನಡೆಸದಿರಲೆಂದು ಅವರು ಲಾಳಿ ಕಿತ್ತು ತಂದಿದ್ದರು.

ಮೈಲಾರಿಯ ಸೊಂಟದ ಲಾಳಿ ನೋಡಿದ್ದೇ ತಡ, ಎಲ್ಲರೂ ಎದ್ದು ನಿಂತರು. ಒಬ್ಬ ಓಡಿ ಬಂದು ತಬ್ಬಿಕೊಂಡ. ಒಬ್ಬ ಅಜ್ಜಿ ಅವನ ಕೆನ್ನೆ ಸವರಿ, ಮಕ್ಕಳ ಕಡೆ ತಿರುಗಿ ಏನೋ ಹೇಳಿದಳು.

"ಅಜ್ಜಿ ಏನಂದಳು?" ಮೈಲಾರಿ ಕೇಳಿದ.

ಗುರುಗಳಿಗೆ ಆ ನುಡಿ ಬರುತ್ತಿತ್ತು. "'ನೋಡ್ರೋ, ನಮಗೋಸ್ಕರ ಹೊಳೆಯಾಚೆಯವರೂ ಮಗ್ಗ ನಿಲ್ಲಿಸಿದ್ದಾರೆ' ಅಂದಳು."

ಅಜ್ಜಿ ಮಡಕೆಯ ತಳ ಕೆರೆದು ಗಟ್ಟಿ ಗಂಜಿಯನ್ನು ಅವನ ಬಟ್ಟಲಿಗೆ ಹಾಕಿದಳು. ತಾನು ತಿಳಿ ಬಗ್ಗಿಸಿಕೊಂಡಳು.

ಮೈಲಾರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಾನು ನೇಯ್ದ ಒಂದೊಂದು ಮೊಳವೂ ಈ ಒಲೆಗೆ ನೀರು ಸುರಿದಂತೆಯೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗುರುಗಳೇ, ನಾನು ಎಂಥವನು ಅಂತ ಇವರಿಗೆ ಹೇಳಿಬಿಡಿ. ಉಗಿಯಲಿ, ಹೊಡೆಯಲಿ. ಈ ಗಂಜಿ ನನ್ನ ಗಂಟಲಲ್ಲಿ ಇಳಿಯೋದಿಲ್ಲ."

ಗುರುಗಳು ಬಟ್ಟಲನ್ನು ಎತ್ತಿ ಅವನ ಕೈಗಿಟ್ಟರು.

"ಅಜ್ಜಿ ಮಕ್ಕಳ ಮುಂದೆ ಮಾತಾಡಿದ್ದಾಳೆ. ಅದನ್ನು ಸುಳ್ಳು ಮಾಡೋಕೆ ನಾನ್ಯಾರು? ಕುಡಿ. ಕುಡಿದು, ಹೋಗಿ ನಿಜ ಮಾಡು."