ಹಾಜರಿ ಕೂಗಿದ ಮೇಲೆ

ಪದವಿ ಕಾಲೇಜಿನ ಕಿಟಕಿಯ ಕೆಳಗೆ ಕೂತು ಕಪ್ಪೆಯೊಂದು ಮೊದಲ ವರ್ಷದ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಕೇಳುತ್ತಿತ್ತು. ಮೇಷ್ಟ್ರು ಅರ್ಧ ಪಾಠಕ್ಕೆ ಹಾಜರಿ ಕೂಗುವರು. ಅದು ಮುಗಿದದ್ದೇ ತಡ, ಹಿಂದಿನ ಬೆಂಚಿನವರು ಜಾರಿಕೊಳ್ಳುವರು. ಕಪ್ಪೆಯೂ ಒಮ್ಮೆ ವಟಗುಟ್ಟಿ ಹೊರಟುಬಿಡುವುದು.

ಒಂದು ದಿನ ಹಾಗೆ ಹೊರಟು ಅಲ್ಲೇ ಹುಲ್ಲಿನಲ್ಲಿ ಅಡ್ಡಾಡುತ್ತಿದ್ದಾಗ, ಪಾಠ ಮುಗಿದ ಹೊತ್ತಿಗೆ ಕೇರೆಹಾವು ಅದಕ್ಕೆ ಅಡ್ಡ ಬಂತು. ಕಪ್ಪೆ ಹೆದರಲಿಲ್ಲ. ಸಣ್ಣ ರಾಷ್ಟ್ರ ಬಲಿಷ್ಠ ರಾಷ್ಟ್ರದೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂದು ಅದು ಅಂದೇ ಕಲಿತಿತ್ತು. ಕಿಟಕಿಯ ಸಜ್ಜದ ಮೇಲಿದ್ದ ಹದ್ದಿಗೆ ಹೇಳಿತು: "ಹದ್ದಣ್ಣ, ಈ ಹಾವಿನಿಂದ ಕಾಪಾಡು. ಇವತ್ತಿನಿಂದ ನೀನೇ ನನ್ನ ಮಿತ್ರರಾಷ್ಟ್ರ."

"ಒಪ್ಪಿದೆ," ಎಂದು ಹದ್ದು ಎರಗಿತು. ಹಾವು ಬಿಲ ಸೇರಿತು.

"ನೋಡಿದೆಯಾ, ಓದಿದವರ ಗತ್ತು?" ಎಂದು ಕಪ್ಪೆ ಬಿಲದತ್ತ ಅಣಕಿಸಿತು. ಅಷ್ಟರಲ್ಲಿ ಹದ್ದಿನ ಉಗುರು ಅದರ ಬೆನ್ನನ್ನೇ ಹಿಡಿದಿತ್ತು.

"ಇದೇನಣ್ಣ, ಒಪ್ಪಂದ ಆಯಿತಲ್ಲ?"

"ಹಾವಿನಿಂದ ಕಾಪಾಡು ಎಂದೆ, ಕಾಪಾಡಿದೆ. ನನ್ನಿಂದ ಯಾರು ಕಾಪಾಡಬೇಕು ಅನ್ನೋದನ್ನ ನೀನು ಸೇರಿಸಲೇ ಇಲ್ಲ."

"ಮೇಷ್ಟ್ರು ಅದನ್ನು ಹೇಳಿಕೊಡಲಿಲ್ಲ."

"ಹೇಳಿಕೊಟ್ಟರು ಮಾರಾಯ, ಹಾಜರಿ ಕೂಗಿದ ಮೇಲೆ," ಎಂದಿತು ಹದ್ದು. "ನಾನು ಗಂಟೆ ಹೊಡೆಯುವವರೆಗೂ ಕೂತಿದ್ದೆ."