ಮುತ್ತಿನದ್ವೀಪದ ಏಳು ಆನೆಗಳು

"ಭೂಮಿಯ ಮೇಲಿನ ಅರಸರನ್ನೆಲ್ಲ ಸಾಲಾಗಿ ನಿಲ್ಲಿಸಿದರೂ ಅದೃಷ್ಟ ಬಂದು ಕೈ ಹಿಡಿಯುವುದು ನನ್ನನ್ನೇ," ಎಂದು ಬಿದಿರುಗೋಟೆಯ ಓಬಳ ನಾಯಕ ತುಂಬಿದ ಸಭೆಯಲ್ಲಿ ಸಾರಿದ. ಅವನ ಕೈಯಲ್ಲಿ ಕೆಂಪು ರೇಷ್ಮೆದಾರ ಕಟ್ಟಿದ ಓಲೆಯೊಂದಿತ್ತು.

ಓಲೆ ತಂದವನು ಜರಿಪೇಟದ ಒಬ್ಬ ಅಪರಿಚಿತ. ಕಡಲಾಚೆಯ ಮುತ್ತಿನದ್ವೀಪದ ದೂತನೆಂದು ಹೇಳಿಕೊಂಡಿದ್ದ. ಅಲ್ಲಿನ ಚಕ್ರವರ್ತಿ ಲೋಕದ ಅರಸರ ಹೆಸರನ್ನೆಲ್ಲ ಚೀಟಿಗಳಲ್ಲಿ ಬರೆಸಿ, ಬಂಗಾರದ ಕೊಡದಲ್ಲಿ ಹಾಕಿ, ಒಂದನ್ನು ಎತ್ತಿಸಿದನಂತೆ. ಗೆದ್ದ ಅರಸನಿಗೆ ಏಳು ಆನೆ, ಒಂದು ಹಡಗು ಮುತ್ತು. ಬಂದರಿನಿಂದ ಅವನ್ನು ಬಿಡಿಸಿಕೊಳ್ಳಲು ಇನ್ನೂರು ವರಹ ಸುಂಕ ಕಟ್ಟಬೇಕು. ಅದನ್ನು ಇವತ್ತೇ, ಈ ದೂತನ ಕೈಗೇ ಕೊಡಬೇಕು. ವಿಷಯ ಒಬ್ಬರಿಗೂ ತಿಳಿಯಬಾರದು ಎಂದೂ ಓಲೆಯಲ್ಲಿತ್ತು. ನಾಯಕ ಅದನ್ನು ಸಭೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿಸಿದ್ದ.

ಬೊಕ್ಕಸದಲ್ಲಿ ಇದ್ದದ್ದೇ ಇನ್ನೂರು ವರಹ. ಹಿರೇಕೆರೆಯ ಒಡೆದ ತೂಬನ್ನು ಮಳೆಗಾಲಕ್ಕೆ ಮೊದಲು ಕಟ್ಟಿಸಲೆಂದು ಎತ್ತಿಟ್ಟ ಹಣ ಅದು. ತೂಬು ಹಾಗೆಯೇ ಉಳಿದರೆ ಕೆರೆಯ ಕೆಳಗಿನ ಆರು ಊರುಗಳು ನೀರಿನ ಪಾಲು.

ಸಭೆಯ ಉಪಚಾರ, ಕಟ್ಟುಕಟ್ಟಳೆಗಳ ಮೇಲ್ವಿಚಾರಣೆ ಮುದ್ದಾಜಮ್ಮನವರದು. ಅರವತ್ತು ದಾಟಿದ ಹೆಂಗಸು. ಹಾಸಿದ ಜಮಖಾನೆ ನಾಲ್ಕು ಬೆರಳು ಓರೆಯಾಗಿದ್ದರೂ ಅವರ ಕಣ್ಣಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವರು ಎದ್ದು ನಿಂತರು.

"ಮಹಾಸ್ವಾಮಿ ಈ ಚೀಟಿಯಾಟಕ್ಕೆ ಯಾವಾಗ ಸೇರಿದ್ದು?"

"ಸೇರಲೇ ಇಲ್ಲ ಮುದ್ದಾಜಮ್ಮ. ಅದೃಷ್ಟ ಅನ್ನುವುದು ಇದಕ್ಕೇ."

"ಓಲೆಯಲ್ಲಿ ತಮ್ಮ ಹೆಸರಿದೆಯೇ?"

ನಾಯಕ ಓಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "'ಅದೃಷ್ಟಶಾಲಿ ಅರಸರಿಗೆ' ಎಂದಿದೆ. ನಾನಲ್ಲದೆ ಇನ್ಯಾರು?"

"ಚೀಟಿ ಎತ್ತಿ, ತಮ್ಮ ಹೆಸರು ಓದಿ, ಓಲೆ ಬರೆಯುವ ಹೊತ್ತಿಗೆ ಮರೆತುಬಿಟ್ಟರೇನೋ."

"ದೊಡ್ಡವರಿಗೆ ಮರೆವು ಇದ್ದದ್ದೇ. ನನಗೂ ಇದೆ."

ಮುದ್ದಾಜಮ್ಮ ದೂತನ ಕಡೆ ತಿರುಗಿದರು. "ಸುಂಕ ಕೊಡಲು ನಮ್ಮದೇನೂ ಅಡ್ಡಿಯಿಲ್ಲ ಅಯ್ಯಾ. ಬಂದರಿನಲ್ಲೇ ಒಂದು ಆನೆ ಮಾರಿ ಇನ್ನೂರು ವರಹ ಹಿಡಿದುಕೊಳ್ಳಿ. ಉಳಿದ ಆರನ್ನು ಕಳಿಸಿ."

"ಬಹುಮಾನ ಮುರಿಯುವ ಹಾಗಿಲ್ಲ ತಾಯಿ. ನಮ್ಮ ಚಕ್ರವರ್ತಿಗಳ ನಿಯಮ."

"ಹಾಗಾದರೆ ಏಳನ್ನೂ ನೀವೇ ಇಟ್ಟುಕೊಳ್ಳಿ. ಮುತ್ತು ಸಾಕು ನಮಗೆ. ಆಗ ಸುಂಕ ಬಿಡುತ್ತೀರೋ?"

"ಮೊದಲು ಹಣ ತಾಯಿ. ಸೂರ್ಯ ಮುಳುಗುವುದರೊಳಗೆ ಕಟ್ಟದಿದ್ದರೆ ಬಹುಮಾನ ಬೇರೆ ಅರಸರಿಗೆ ಹೋಗುತ್ತದೆ."

ಬೇರೆ ಅರಸರು ಎಂದೊಡನೆ ನಾಯಕನ ಕಣ್ಣ ಮುಂದೆ ಬಂದವನು ನೆರೆಯ ಕಾರೆಗುಡ್ಡದ ತಿಪ್ಪರಸ. "ಕೊಟ್ಟು ಕಳಿಸಿ," ಎಂದ ನಾಯಕ. "ತೂಬು ಮುಂದಿನ ವರ್ಷ ನೋಡೋಣ. ಆ ತಿಪ್ಪರಸ ನನ್ನ ಆನೆ ಹತ್ತಿ ನನ್ನ ಕೋಟೆಯ ಮುಂದೆಯೇ ಮೀಸೆ ತಿರುವಿಕೊಂಡು ಹೋಗುವುದನ್ನು ನಾನು ನೋಡಲಾರೆ."

"ಅಪ್ಪಣೆ," ಎಂದರು ಮುದ್ದಾಜಮ್ಮ.

ಹಣದ ಚೀಲ ಬೆಳ್ಳಿ ತಟ್ಟೆಯಲ್ಲಿ ಬಂತು. ಮುದ್ದಾಜಮ್ಮ ಚೀಲದ ಪಕ್ಕದಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ತಟ್ಟೆಯನ್ನು ದೂತನ ಮುಂದೆ ಹಿಡಿದರು. ದೂತ ಚೀಲಕ್ಕೆ ಕೈ ಚಾಚಿದ.

"ತಾಳಿ. ಮೊದಲು ವೀಳ್ಯ. ಅರಸರ ಕೆಲಸದ ಹೊಣೆ ಹೊರುವವರು ಈ ಸಭೆಯಲ್ಲಿ ವೀಳ್ಯ ಎತ್ತಿಯೇ ಹೊರಡುವುದು. ಎತ್ತಿದವರ ಜೊತೆ ನಮ್ಮ ಹತ್ತು ಸವಾರರು ಬಂದರಿನವರೆಗೂ ಬರುತ್ತಾರೆ. ಅಲ್ಲಿ ಏಳು ಆನೆ ಸಿಕ್ಕರೆ ನಿಮಗೆ ಸನ್ಮಾನ. ಸಿಗದಿದ್ದರೆ ನಿಮ್ಮ ತಲೆ."

ಚಾಚಿದ ಕೈ ಅರ್ಧಕ್ಕೇ ನಿಂತಿತು.

"ನನಗೆ ಎಲೆ ಅಡಿಕೆ ಒಗ್ಗುವುದಿಲ್ಲ ತಾಯಿ."

"ಅಗಿಯಬೇಕಾಗಿಲ್ಲ. ಎತ್ತಿದರೆ ಸಾಕು."

"ಹಲ್ಲುನೋವು ಬೇರೆ."

"ಕೈಗೂ ಬಂದಿದೆಯೇ ಹಲ್ಲುನೋವು?"

ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೂತ ಪೇಟ ಸರಿಮಾಡಿಕೊಂಡ. ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಭರ್ಜಿ ಹಿಡಿದ ಇಬ್ಬರು ನಿಂತಿದ್ದರು.

"ನೋಡಿ ಮಹಾಸ್ವಾಮಿ," ಎಂದರು ಮುದ್ದಾಜಮ್ಮ, ದನಿ ಏರಿಸದೆ. "ಇನ್ನೂರು ವರಹಕ್ಕೆ ಚಾಚಿದ ಕೈ ಒಂದು ಎಲೆ ಮುಟ್ಟಲು ಹೆದರುತ್ತಿದೆ."

ನಾಯಕ ಸಿಂಹಾಸನದಿಂದ ಇಳಿದು ಬಂದು, ದೂತನ ಹೆಗಲಿನ ಜೋಳಿಗೆಯನ್ನು ತಾನೇ ಕಿತ್ತು ಕೊಡವಿದ. ಹನ್ನೊಂದು ಓಲೆಗಳು ಉದುರಿದವು. ಎಲ್ಲಕ್ಕೂ ಕೆಂಪು ರೇಷ್ಮೆದಾರ. ಎಲ್ಲವೂ 'ಅದೃಷ್ಟಶಾಲಿ ಅರಸರಿಗೆ'. ಕೊನೆಗೆ ಧೊಪ್ಪನೆ ಬಿದ್ದದ್ದು ಕಾರೆಗುಡ್ಡದ ಮುದ್ರೆಯ ಒಂದು ಹಣದ ಚೀಲ.

"ಇದೇನಿದು?"

"ತಿಪ್ಪರಸರು ನಿನ್ನೆ ಕಟ್ಟಿದ ಸುಂಕ ಮಹಾಪ್ರಭು," ಎಂದ ದೂತ, ನೆಲ ನೋಡುತ್ತ. "ಮುನ್ನೂರು ವರಹ."

"ನನಗೆ ಇನ್ನೂರು, ಅವನಿಗೆ ಮುನ್ನೂರೇ? ಅವನೇನು ನನಗಿಂತ ದೊಡ್ಡ ಅರಸನೋ?" ಎಂದ ನಾಯಕ, ಸ್ವಲ್ಪ ನೊಂದುಕೊಂಡೇ.

"ಹಾಗಲ್ಲ ಬುದ್ಧಿ. ಅವರು ಏಳು ಆನೆ ಸಾಲದು, ಒಂಬತ್ತು ಬೇಕು ಅಂದರು."

ನಾಯಕನಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ನಿಂತ ಮೇಲೆ ತನ್ನ ಹೆಗಲಿನ ಶಾಲು ತೆಗೆದು ಮುದ್ದಾಜಮ್ಮನವರಿಗೆ ಹೊದಿಸಿದ.

"ತೂಬಿನ ಕೆಲಸ ನಾಳೆಯೇ ಶುರುವಾಗಲಿ. ಈ ದೂತರು ಮಳೆಗಾಲದವರೆಗೆ ಅಲ್ಲಿ ಕಲ್ಲು ಹೊರಲಿ," ಎಂದು ಅಪ್ಪಣೆ ಕೊಟ್ಟ. ಆಮೇಲೆ ಕಾರೆಗುಡ್ಡದ ಚೀಲವನ್ನು ಒಂದು ಗಳಿಗೆ ಆಸೆಯಿಂದ ನೋಡಿದ. ಮುದ್ದಾಜಮ್ಮ ಅವನನ್ನು ನೋಡಿದರು.

"ಹಿಂದಿರುಗಿಸುತ್ತೇನೆ, ಹಿಂದಿರುಗಿಸುತ್ತೇನೆ," ಎಂದ ನಾಯಕ. "ಆದರೆ ಮೋಸ ಹೋದದ್ದು ಇಷ್ಟು ಹೊತ್ತಿಗೆ ತಿಪ್ಪರಸನಿಗೂ ಗೊತ್ತಾಗಿರಬಹುದು. 'ನಿಮಗೆ ಮುನ್ನೂರು ವರಹ ಬಂದಿದೆ' ಎಂದು ನಾನು ಓಲೆ ಕಳಿಸಿದರೆ ಅವನು ನಂಬುತ್ತಾನೆಯೇ?"

"ಓಲೆಯ ಜೊತೆಗೇ ಹಣ ಕಳಿಸಿ. ಮೇಲೆ ಅವರ ಹೆಸರು ಬರೆಸಿ. ಕೆಳಗೆ ಎರಡು ಮಾತು ಸಾಕು."

"ಏನೆಂದು?"

"'ಇದನ್ನು ಪಡೆಯಲು ನೀವು ಏನೂ ಕಟ್ಟಬೇಕಾಗಿಲ್ಲ. ಇದು ನಿಜವಾಗಿ ನಿಮ್ಮದೇ ಹಣ ಅನ್ನುವುದಕ್ಕೆ ಅದೇ ಗುರುತು.'"