ಕೊರಳಲ್ಲಿ ಉಳಿದ ಹಾಡು

ಮನೆಯೊಂದರ ಟಿವಿ ಆಂಟೆನಾದ ಮೇಲೆ ಕೂತು ತೋಪಿಗೆಲ್ಲ ಪುಕ್ಕಟೆ ಹಾಡುತ್ತಿದ್ದ ಕೋಗಿಲೆ ಒಂದು ದಿನ ಕಾಗಕ್ಕನನ್ನು ಕರೆಸಿತು.

"ಕೆಳಗಿನ ಹೊಸ ಟಿವಿ ನೋಡಿದೆಯಾ? ಗಾಳಿಯಲ್ಲಿ ಬಂದದ್ದನ್ನು ಎಲ್ಲರಿಗೂ ತೋರಿಸುತ್ತದೆ, ರೆಕಾರ್ಡ್ ಮಾಡಿಕೊಳ್ಳಲು ಮಾತ್ರ ಬಿಡುವುದಿಲ್ಲ. ಇನ್ನು ನನ್ನ ಹಾಡಿಗೂ ಅದೇ ಕಾಯಿದೆ. ಯಾರು ಬೇಕಾದರೂ ಕೇಳಲಿ. ಕೊರಳಲ್ಲಿ ಇಟ್ಟುಕೊಂಡವರನ್ನು ಕುಕ್ಕುವ ಅಧಿಕಾರ ನಿನ್ನದು."

ಸಂಗೀತದ ಮಾತಿಗೆ ತನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು. ಕಾಗಕ್ಕ ಉಬ್ಬಿಹೋದಳು. "ಆಗಲಿ ಬುದ್ಧಿ," ಎಂದಳು.

ಮೊದಲು ಸಿಕ್ಕಿಬಿದ್ದದ್ದು ಗೊರವಂಕ. ಮೊಟ್ಟೆ ಬಿಟ್ಟು ಏಳಲಾರದ ಹೆಂಡತಿಗೆ ಪೊಟರೆಯ ಬಾಯಲ್ಲಿ ಕೂತು ಆ ಹಾಡನ್ನು ಹಾಡಿ ತೋರಿಸುತ್ತಿತ್ತು.

"ಕದ್ದಿಲ್ಲ ಅಕ್ಕಾ, ಕೇಳಿದ್ದು ಹಾಗೇ ಉಳಿದುಹೋಯಿತು," ಎಂದಿತು.

"ಉಳಿದದ್ದೇ ಕಳವು," ಎಂದು ಕಾಗಕ್ಕ ನೆತ್ತರು ಬರುವಂತೆ ಕುಕ್ಕಿದಳು. ಅಂದಿನಿಂದ ತೋಪು ತೆಪ್ಪಗಾಯಿತು.

ಕೆಲವು ದಿನ ಕಳೆದ ಮೇಲೆ ಕಾಗಕ್ಕನ ಗೂಡಿನಿಂದಲೇ ಆ ಹಾಡು ಕೇಳಿಬಂತು. ಅವಳು ಗುಟುಕು ಕೊಟ್ಟು ಸಾಕಿದ ಮರಿ ಬಾಯಿ ತೆರೆದಿತ್ತು. ಕಾಯಿದೆ ಕಾಯುವವಳ ಮನೆಯಲ್ಲೇ ಕಳ್ಳ ಎಂದರೆ ತೋಪು ಏನಂದೀತು? ಕಣ್ಣು ಮುಚ್ಚಿಕೊಂಡು ಕುಕ್ಕಿದಳು, ಗೂಡಿನಿಂದ ಕೆಳಗೆ ತಳ್ಳಿದಳು. ನೆಲಕ್ಕೆ ಬಿದ್ದ ಮರಿ ಮತ್ತೆ ಅಲುಗಲಿಲ್ಲ.

ಆಂಟೆನಾದ ಮೇಲಿಂದ ಕೋಗಿಲೆ ಚೀರಿಕೊಂಡಿತು.

"ಪಾಪಿ, ಅದು ನನ್ನ ಮರಿ. ನಿನ್ನ ಗೂಡಿನಲ್ಲಿ ಕದ್ದು ಇಟ್ಟ ಮೊಟ್ಟೆ ನಮ್ಮದು."

ಕಾಗಕ್ಕ ಕೆಳಗೆ ಬಿದ್ದ ಮರಿಯನ್ನು ನೋಡಿದಳು. ಆಮೇಲೆ ಕೊಕ್ಕನ್ನು ಕೊಂಬೆಗೆ ಒರೆಸಿಕೊಂಡಳು.

"ನನ್ನದೆಂದುಕೊಂಡೇ ಕುಕ್ಕಿದೆ, ಬುದ್ಧಿ. ನಿಮ್ಮದೆಂದು ಗೊತ್ತಿದ್ದರೆ ಕಾಯಿದೆ ಬೇರೆ ಇರುತ್ತಿತ್ತೇ?"